ಗೋಪನವೂ ರಕ್ಷಣವೂ: ದತ್ತಾಂಶ ನ್ಯಾಯವಾದಿಯ ವೃತ್ತಿಧರ್ಮ

ಪಾಣಿನೀಯ ಧಾತುಪಾಠವು ‘ಗುಪೂ’ ಧಾತುವಿಗೆ ರಕ್ಷಣವೆಂಬ ಅರ್ಥವನ್ನು ಹೇಳುತ್ತದೆ. ಗೋಪ್ತೃವೆಂದರೆ ಕಾಪಾಡುವವನು. ಆದರೆ ಅದೇ ಧಾತುಜನ್ಯವಾದ ‘ಗುಪ್ತ’ಶಬ್ದಕ್ಕೆ ಮರೆಮಾಡಲ್ಪಟ್ಟುದು ಎಂಬ ಅರ್ಥವೇ ಲೋಕದಲ್ಲಿ ರೂಢವಾಗಿದೆ. ಕಾಪಾಡುವುದಕ್ಕೂ ಮುಚ್ಚಿಡುವುದಕ್ಕೂ ಇರುವ ಈ ಸಾಮೀಪ್ಯವು ಶಬ್ದಶಾಸ್ತ್ರದಲ್ಲಿಯೇ ನಿಲ್ಲದೆ, ಈ ಕಾಲದ ಒಂದು ವೃತ್ತಿಯಲ್ಲಿ ಧರ್ಮಸೂಕ್ಷ್ಮವಾಗಿ ಪರಿಣಮಿಸಿದೆ. ದತ್ತಾಂಶದ ಗೋಪ್ಯತೆ, ಸೈಬರ್ ಭದ್ರತೆ ಎಂಬ ವಿಷಯಗಳಲ್ಲಿ ಕಂಪೆನಿಗಳಿಗೆ ಸಲಹೆ ಕೊಡುವ ವಕೀಲನ ವೃತ್ತಿಯೇ ಅದು.

ಈ ಶಾಖೆಯ ಮೂಲವು ಅಮೆರಿಕದಲ್ಲಿ ಕಾಣಬರುತ್ತದೆ. ಬಾಸ್ಟನ್ ನಗರದಲ್ಲಿ ಜತೆಗೂಡಿ ವಕೀಲಿ ನಡೆಸಿದ್ದ ಸ್ಯಾಮ್ಯುಯಲ್ ವಾರನ್, ಲೂಯಿ ಬ್ರಾಂಡೈಸ್ ಎಂಬಿಬ್ಬರು ೧೮೯೦ರಲ್ಲಿ ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಪ್ರತಿಪಾದಿಸಿದರು. ಆಗ ಭಯವಿದ್ದುದು ವೃತ್ತಪತ್ರಿಕೆಗಳಿಂದ, ಕ್ಷಣಮಾತ್ರದಲ್ಲಿ ಚಿತ್ರ ಹಿಡಿಯುವ ಕ್ಯಾಮೆರಾದಿಂದ. ಈಗಲಾದರೋ ಕೋಟ್ಯಂತರ ಜನರ ವಿವರಗಳು ಕಂಪೆನಿಗಳ ಕಂಪ್ಯೂಟರುಗಳಲ್ಲಿಯೇ ಸಂಚಿತವಾಗಿವೆ. ಯಾರಿಂದ ಯಾವ ವಿವರವನ್ನು ಪಡೆಯಬಹುದು, ಯಾವ ಪ್ರಯೋಜನಕ್ಕೆ, ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದನ್ನು ನಿರ್ಣಯಿಸಿ ಹೇಳುವುದು ವಕೀಲನ ನಿತ್ಯಕರ್ಮ. ದತ್ತಾಂಶವು ಕಳವಾದಾಗ ಮಾಡತಕ್ಕುದು ನೈಮಿತ್ತಿಕ.

ಈ ನೈಮಿತ್ತಿಕದಲ್ಲಿಯೇ ಪರೀಕ್ಷೆಯಿರುವುದು. ೨೦೧೮ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ನಿಬಂಧನೆಯು, ಕಳವು ಅರಿವಿಗೆ ಬಂದ ೭೨ ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕೆಂದು ವಿಧಿಸುತ್ತದೆ. ಭಾರತದಲ್ಲಿ ೨೦೨೨ರ ಸರ್ಟ್-ಇನ್ ಆದೇಶವು ಸೈಬರ್ ಘಟನೆಗಳಿಗೆ ೬ ಗಂಟೆಗಳ ಅವಧಿಯನ್ನು ಮಾತ್ರ ಕೊಟ್ಟಿದೆ. ಅರಿವು ಹುಟ್ಟುವುದು ಸಂಶಯದಲ್ಲಿಯೋ ನಿಶ್ಚಯದಲ್ಲಿಯೋ ಎಂಬ ವಿಚಾರವು ತರ್ಕಶಾಲೆಯಿಂದ ಹೊರಟು ಕಂಪೆನಿಯ ಕಚೇರಿಗೆ ಬಂದಿದೆ.

ಇದಕ್ಕೆ ಜೋಸೆಫ್ ಸುಲಿವಾನರ ಪ್ರಕರಣವೇ ನಿದರ್ಶನ. ಅವರು ಕ್ಯಾಲಿಫೋರ್ನಿಯಾದಲ್ಲಿ ಕಂಪ್ಯೂಟರ್ ಅಪರಾಧಗಳ ಸರ್ಕಾರಿ ವಕೀಲರಾಗಿದ್ದು, ತರುವಾಯ ಈಬೇ, ಫೇಸ್‌ಬುಕ್, ಊಬರ್ ಕಂಪೆನಿಗಳಲ್ಲಿ ಭದ್ರತೆಯ ಕಾರ್ಯವನ್ನು ವಹಿಸಿದವರು. ೨೦೧೬ರಲ್ಲಿ ಊಬರಿನಿಂದ ಸುಮಾರು ೫ ಕೋಟಿ ೭೦ ಲಕ್ಷ ಜನರ ವಿವರಗಳು ಕಳವಾದುವು. ಹಿಂದಿನ ಒಂದು ಕಳವಿನ ವಿಷಯದಲ್ಲಿ ಸರ್ಕಾರದ ವಿಚಾರಣೆ ಆಗಲೇ ನಡೆಯುತ್ತಿದ್ದಿತು. ಆದರೂ ಈ ಸಂಗತಿಯನ್ನು ತಿಳಿಸದೆ, ಕದ್ದವರಿಗೆ ಒಂದು ಲಕ್ಷ ಡಾಲರ್ ಕೊಟ್ಟು, ತಾವು ದತ್ತಾಂಶವನ್ನು ತೆಗೆದುಕೊಂಡಿಲ್ಲವೆಂಬ ಸುಳ್ಳು ಒಕ್ಕಣೆಯುಳ್ಳ ಕರಾರುಪತ್ರಕ್ಕೆ ಅವರಿಂದ ರುಜು ಪಡೆಯಲಾಯಿತು. ದತ್ತಾಂಶವು ಹರಡದಂತೆ ಕಾಪಾಡಿದುದೇ ಹೊರತು ಮುಚ್ಚಿಟ್ಟುದಲ್ಲವೆಂಬುದು ಸುಲಿವಾನರ ಪಕ್ಷದ ವಾದ. ಜ್ಯೂರಿಯು ಇದನ್ನೊಪ್ಪದೆ ೨೦೨೨ರಲ್ಲಿ ಅವರನ್ನು ಅಪರಾಧಿಯೆಂದು ನಿರ್ಣಯಿಸಿತು. ೨೦೨೩ರಲ್ಲಿ ಸೆರೆಮನೆಯ ಶಿಕ್ಷೆಯಿಲ್ಲದೆ ಮೂರು ವರ್ಷಗಳ ಪ್ರೊಬೇಷನ್ ವಿಧಿಸಲ್ಪಟ್ಟಿತು. ೨೦೨೫ರಲ್ಲಿ ಮೇಲ್ಮನವಿಯೂ ತಿರಸ್ಕೃತವಾಯಿತು.

ಇಲ್ಲಿ ವಿವೇಚಿಸತಕ್ಕ ಅಂಶವೊಂದುಂಟು. ಕಕ್ಷಿಗಾರನ ಗುಟ್ಟನ್ನು ಕಾಯುವುದು ವಕೀಲನಿಗೆ ವಿಹಿತವೇ ಸರಿ. ಆದರೆ ಆ ವಿಧಿಯು ಕಕ್ಷಿಗಾರನು ಕೇಳಿದ ಸಲಹೆಗೆ ಸಂಬಂಧಪಟ್ಟುದು. ಸುಳ್ಳು ಪತ್ರವನ್ನು ಹುಟ್ಟಿಸುವುದಕ್ಕೆ ಅದು ಅನ್ವಯಿಸದು. ಕಳವಿಗೊಳಗಾದ ಜನರು ವಕೀಲನ ಕಕ್ಷಿಗಾರರಲ್ಲ. ಆದರೂ ನಷ್ಟವು ಅವರದೇ. ತಿಳಿಸದ ಹೊರತು ಅವರು ತಮ್ಮನ್ನು ಕಾಪಾಡಿಕೊಳ್ಳಲಾರರು.

ಭಾರತದ ಕಾನೂನೂ ಈ ದಿಕ್ಕಿನಲ್ಲಿಯೇ ನಡೆದಿದೆ. ಕರ್ಣಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಏಕಕಂಠವಾಗಿ ಸಾರಿತು. ೨೦೨೩ರ ಅಧಿನಿಯಮವು ಭದ್ರತೆಯ ಲೋಪಕ್ಕೆ ೨೫೦ ಕೋಟಿ ರೂಪಾಯಿಗಳವರೆಗೂ, ಕಳವನ್ನು ತಿಳಿಸದಿರುವುದಕ್ಕೆ ಪ್ರತ್ಯೇಕವಾಗಿ ೨೦೦ ಕೋಟಿ ರೂಪಾಯಿಗಳವರೆಗೂ ದಂಡವನ್ನು ಗೊತ್ತುಪಡಿಸಿದೆ. ಕಾಪಾಡದಿರುವುದು ಒಂದು ದೋಷ, ಮುಚ್ಚಿಡುವುದು ಮತ್ತೊಂದು ದೋಷ ಎಂಬುದು ಇದರ ಅಭಿಪ್ರಾಯ. ಈ ಅಧಿನಿಯಮವು ದತ್ತಾಂಶವನ್ನು ಹೊಂದಿರುವ ಸಂಸ್ಥೆಯನ್ನು ಒಡೆಯನೆನ್ನದೆ, ನಂಬಿಕೆಯ ಮೇಲೆ ಇಟ್ಟುಕೊಂಡವನೆಂಬ ಅರ್ಥದ ಹೆಸರಿನಿಂದ ಕರೆಯುತ್ತದೆ. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೂ ಒಂದು. ಪರರ ನಿಕ್ಷೇಪವನ್ನಿಟ್ಟುಕೊಂಡವನು ಅದು ಕಳವಾದರೆ ಇಟ್ಟವನಿಗೆ ಹೇಳಲೇಬೇಕು. ಹಾಗೆ ಹೇಳುವಂತೆ ಕಕ್ಷಿಗಾರನನ್ನು ಒಡಂಬಡಿಸುವುದೇ ಈ ವೃತ್ತಿಯಲ್ಲಿ ಅತಿ ಕಷ್ಟವಾದ ಸಲಹೆ.