ಗಡಿಕನ್ನಡಿಗರು ಮತ್ತು ನ್ಯಾಯಾಲಯದ ತಂತ್ರಜ್ಞಾನ: ನಂದವರಂ ಪರಿಸರದ ವಿಶ್ಲೇಷಣೆ

ಸಾಮರ್ಥ್ಯ, ದೌರ್ಬಲ್ಯ, ಅವಕಾಶ, ಅಪಾಯ ಎಂಬ ನಾಲ್ಕು ನೆಲೆಗಳಲ್ಲಿ ಒಂದು ವ್ಯವಸ್ಥೆಯನ್ನು ಪರಿಶೀಲಿಸುವ ಕ್ರಮಕ್ಕೆ ಯೋಜನಾಶಾಸ್ತ್ರದಲ್ಲಿ ‘ಸ್ವಾಟ್’ ವಿಶ್ಲೇಷಣೆ ಎಂದು ಹೆಸರು. ಉದ್ಯಮರಂಗದಲ್ಲಿ ರೂಢಿಗೆ ಬಂದ ಈ ಕ್ರಮವನ್ನು ನ್ಯಾಯಾಂಗದ ಗಣಕೀಕರಣಕ್ಕೆ ಅನ್ವಯಿಸುವಾಗ, ಅದನ್ನು ಯಾರ ನೆಲೆಯಿಂದ ನೋಡಲಾಗುತ್ತಿದೆ ಎಂಬುದು ಮುಖ್ಯವಾಗುತ್ತದೆ. ನಂದವರಂ, ಆದೋನಿ ಮೊದಲಾದ ಪಶ್ಚಿಮ ಕರ್ನೂಲಿನ ಕನ್ನಡಿಗರ ಸ್ಥಿತಿ ಇದಕ್ಕೆ ತಕ್ಕ ನಿದರ್ಶನ. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಜನರ ಮನೆಮಾತು ಗಡಿಯೊಂದಿಗೆ ಬದಲಾಗಲಿಲ್ಲ.

ಸಾಮರ್ಥ್ಯಗಳು ಕಡಿಮೆಯೇನಲ್ಲ. ಇ-ನ್ಯಾಯಾಲಯ ಯೋಜನೆಯ ಮೂರನೆಯ ಹಂತಕ್ಕೆ ಕೇಂದ್ರ ಸಂಪುಟವು 2023ರಲ್ಲಿ 7,210 ಕೋಟಿ ರೂಪಾಯಿಗಳ ಒಪ್ಪಿಗೆ ನೀಡಿತು. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಬಳಕೆಗೆ ತಂದ ‘ಸುವಾಸ್’ ಅನುವಾದ ತಂತ್ರಾಂಶವು ಕನ್ನಡವನ್ನೂ ತೆಲುಗನ್ನೂ ಬಲ್ಲದು.

ದೌರ್ಬಲ್ಯವಿರುವುದು ಬೇರೆಡೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೆಯ ಕಲಮಿನಂತೆ ಅಧೀನ ನ್ಯಾಯಾಲಯಗಳ ಭಾಷೆಯನ್ನು ರಾಜ್ಯ ಸರ್ಕಾರವು ಘೋಷಿಸಬಹುದು. ಹೀಗೆ ಭಾಷೆಯ ಆಯ್ಕೆಯು ರಾಜ್ಯದ ಗಡಿಗೆ ಅಂಟಿಕೊಳ್ಳುತ್ತದೆ. ತಂತ್ರಾಂಶಕ್ಕೆ ಕನ್ನಡ ತಿಳಿದಿದ್ದರೂ ಆಂಧ್ರದ ಕಟಕಟೆಯಲ್ಲಿ ಅದಕ್ಕೆ ಆಡಳಿತಾತ್ಮಕ ಸ್ಥಾನ ದೊರೆಯುವುದು ದುರ್ಲಭ.

ಅಪಾಯವು ಒಂದೇ ಪದದಲ್ಲಿ ಅಡಗಿರಬಹುದು. ರೈತನೊಬ್ಬನು ಹೊಲವನ್ನು ‘ಭೋಗ್ಯಕ್ಕೆ’ ಕೊಟ್ಟಿರುವೆನೆಂದು ಹೇಳಿದನೆಂದು ಭಾವಿಸೋಣ. ಕಾನೂನಿನ ಅರ್ಥದಲ್ಲಿ ಇದು ಸ್ವಾಧೀನಸಹಿತ ಅಡಮಾನ; ಸ್ವತ್ತು ವರ್ಗಾವಣೆ ಅಧಿನಿಯಮದಂತೆ ಸಾಲ ತೀರಿಸಿ ಭೂಮಿಯನ್ನು ಬಿಡಿಸಿಕೊಳ್ಳುವ ಹಕ್ಕು ಅವನಿಗುಂಟು. ಬೆಂಗಳೂರಿನ ಮನೆಬಾಡಿಗೆಯ ರೂಢಿಯಲ್ಲಿ ‘ಭೋಗ್ಯ’ವೆಂದರೆ ಮುಂಗಡ ಹಣದ ಗುತ್ತಿಗೆ. ಯಂತ್ರವು ಈ ಎರಡನೆಯ ಅರ್ಥವನ್ನು ಹಿಡಿದರೆ ಅಡಮಾನವು ಗುತ್ತಿಗೆಯಾಗಿ ದಾಖಲಾಗುತ್ತದೆ; ವ್ಯಾಜ್ಯದ ತಿರುಳೇ ಬದಲಾಗುತ್ತದೆ. ಹೇಳಿಕೆಯು ಕನ್ನಡದಿಂದ ತೆಲುಗಿಗೆ, ಅಲ್ಲಿಂದ ಇಂಗ್ಲಿಷಿಗೆ ಸಾಗಿದಲ್ಲಿ ತಪ್ಪಿನ ಜಾಡು ಹಿಡಿಯುವುದು ಇನ್ನೂ ಕಷ್ಟ.

ಅವಕಾಶಗಳನ್ನು ಸಂವಿಧಾನವೇ ತೆರೆದಿದೆ. 350ನೆಯ ಅನುಚ್ಛೇದದಂತೆ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸಬಹುದು. 350-ಬಿ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ಕಲ್ಪಿಸಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಡಿ ಅರ್ಹರಿಗೆ ಉಚಿತ ನೆರವೂ ಇದೆ.

ನಾಲ್ಕು ನೆಲೆಗಳನ್ನು ಪಟ್ಟಿಮಾಡಿದ ಮಾತ್ರಕ್ಕೆ ಯೋಜನೆಯಾಗದು. ಅವುಗಳನ್ನು ಪರಸ್ಪರ ಹೊಂದಿಸಬೇಕು. ಮೊದಲು, ಮೂಲ ಕನ್ನಡ ಹೇಳಿಕೆಯ ಧ್ವನಿಮುದ್ರಣವನ್ನು ಅನುವಾದದೊಡನೆ ಕಾಯ್ದಿಡಬೇಕು. ಎರಡನೆಯದಾಗಿ, ಭೋಗ್ಯ, ಗೇಣಿ, ಕೋರು, ಒತ್ತೆ ಮುಂತಾದ ಭೂವ್ಯವಹಾರದ ಪದಗಳಿಗೆ ಕನ್ನಡ–ತೆಲುಗು ನ್ಯಾಯಿಕ ಪದಕೋಶವು ಸ್ಥಳೀಯ ಬಳಕೆಯನ್ನು ಆಧರಿಸಿ ಸಿದ್ಧವಾಗಬೇಕು. ಮೂರನೆಯದಾಗಿ, ಸಹಿಗೆ ಮುನ್ನ ದಾಖಲೆಯನ್ನು ಹೇಳಿಕೆದಾರನ ಭಾಷೆಯಲ್ಲಿ ಓದಿಹೇಳಬೇಕು. ಮೊದಲ ಮತ್ತು ಕೊನೆಯ ಕ್ರಮಗಳು ನ್ಯಾಯಾಂಗದ ಹೊಣೆ. ಪದಕೋಶದ ಕೆಲಸವನ್ನು ಎರಡೂ ಭಾಷೆಗಳನ್ನು ಬಲ್ಲ ವಿದ್ವಾಂಸರು ಇಂದೇ ಆರಂಭಿಸಬಹುದು. ಅದಕ್ಕೆ ಯಾವ ಸರ್ಕಾರಿ ಘೋಷಣೆಯೂ ಬೇಕಿಲ್ಲ.