ಐದು ಬ್ಲೇಡಿಗೆ ದಾರಿ, ಒಂದು ಬ್ಲೇಡಿಗೆ ತಡೆ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಐದು ಬ್ಲೇಡುಗಳ ಕಾರ್ಟ್ರಿಜ್ ರೇಜರ್ ಯಾರ ಪ್ರಶ್ನೆಯೂ ಇಲ್ಲದೆ ದಾಟಿಹೋಗುತ್ತದೆ. ಅದರ ಹಿಂದೆಯೇ ಬಂದ, ಒಂದೇ ಒಂದು ಬ್ಲೇಡು ತೊಡಿಸಿದ ಹಳೇ ಮಾದರಿಯ ಸ್ಟೀಲ್ ರೇಜರನ್ನು ಪಕ್ಕಕ್ಕೆ ತೆಗೆದಿಡುತ್ತಾರೆ. ಚೆಕ್-ಇನ್ ಸಾಮಾನಿಲ್ಲದೆ ಬರೀ ಏಳು ಕಿಲೋ ಹ್ಯಾಂಡ್ ಬ್ಯಾಗ್ ಹಿಡಿದು ಹೊರಟವರಿಗೆ ಇದು ಅನ್ಯಾಯ ಅನ್ನಿಸಿದರೆ ಆಶ್ಚರ್ಯವಿಲ್ಲ. ಹರಿತದಲ್ಲಿ ಕಾರ್ಟ್ರಿಜ್‌ನ ಬ್ಲೇಡೇನೂ ಕಡಿಮೆಯಲ್ಲ. ಆದರೆ ಹರಿತ ಎಷ್ಟು ಎಂದು ಇಲ್ಲಿ ಯಾರೂ ಅಳೆಯುತ್ತಿಲ್ಲ. ಬ್ಲೇಡು ಬಿಡಿಯಾಗಿ ಕೈಗೆ ಸಿಗುತ್ತದೆಯೇ ಎಂಬುದೊಂದೇ ಅವರ ಪ್ರಶ್ನೆ. ಅದಕ್ಕೆ ಉತ್ತರ ಇರುವುದು ರೇಜರಿನ ರಚನೆಯಲ್ಲಿ.

ಸ್ಟೀಲ್ ರೇಜರಿನ ಹಿಡಿಯನ್ನು ತಿರುಗಿಸಿ ನೋಡಿ. ತಲೆ ಸಡಿಲವಾಗಿ ಮೂರು ಭಾಗ ಬೇರೆ ಬೇರೆಯಾಗುತ್ತವೆ: ಹಿಡಿ, ಅಂಚಿನಲ್ಲಿ ಸಾಲು ಕಚ್ಚುಗಳಿರುವ ತಳತಟ್ಟೆ, ಬೆನ್ನು ಬಾಗಿದ ಮುಚ್ಚಳ. ನಡುವೆ ಮಲಗಿರುವ ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್, ತೂಕ ಒಂದು ಗ್ರಾಮಿಗೂ ಕಡಿಮೆ. ಬೆರಳಲ್ಲಿ ಹಿಡಿದರೆ ಬಳುಕುವಷ್ಟು ತೆಳುವಾದ ಇದು ಗಡ್ಡ ಕತ್ತರಿಸುವುದಾದರೂ ಹೇಗೆ? ಮುಚ್ಚಳ ಬಿಗಿದಾಗ ಬ್ಲೇಡು ಅದರ ಬಾಗಿಗೆ ತಕ್ಕಂತೆ ಕಮಾನಾಗಿ ಬಾಗಿ ಸೆಟೆದುಕೊಳ್ಳುತ್ತದೆ. ಬಾಗಿದ ತಗಡು ಚಪ್ಪಟೆ ತಗಡಿಗಿಂತ ಗಟ್ಟಿ. ಬಿಗಿತವೆಲ್ಲ ಮುಚ್ಚಳದ ಹಿಡಿತದಿಂದ ಬಂದದ್ದು, ಉಕ್ಕು ತೆಳುವಾಗಿಯೇ ಉಳಿಯಿತು. ನನಗೆ ಇದು ಇಪ್ಪತ್ತನೇ ಶತಮಾನದ ಅತ್ಯಂತ ಚೊಕ್ಕ ವಿನ್ಯಾಸಗಳಲ್ಲಿ ಒಂದು.

ಇದರ ಹಿಂದೆ ಇದ್ದವನು ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದ ಮಾರಾಟಗಾರ. ಸಾಣೆ ಹಿಡಿಯುವ ಗೋಜಿಲ್ಲದೆ, ಮೊಂಡಾದ ಬ್ಲೇಡನ್ನು ತೆಗೆದುಹಾಕಿ ಹೊಸದನ್ನು ತೊಡಿಸುವಂತಿರಬೇಕು ಎಂಬುದು ಅವನ ಆಲೋಚನೆ. ಆದರೆ ಅಷ್ಟು ತೆಳುವಾದ ಉಕ್ಕನ್ನು ಕಾಯಿಸಿ ಹದಗೊಳಿಸಲು ಹೋದರೆ ಅದು ಸೊಟ್ಟಗಾಗಿಬಿಡುತ್ತಿತ್ತು. ಎಂಐಟಿಯಲ್ಲಿ ಓದಿದ್ದ ಎಂಜಿನಿಯರ್ ವಿಲಿಯಂ ನಿಕರ್ಸನ್ ಆ ಗಂಟನ್ನು ಬಿಡಿಸಿದ. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ ಪೇಟೆಂಟ್ ಸಿಕ್ಕಿತು. ಮುಂದೆ ಅದು ಜಗತ್ತಿನ ಗಂಡಸರ ಬೆಳಗನ್ನೇ ಬದಲಿಸಿತು. ಬ್ಲೇಡನ್ನು ಯಾರು ಬೇಕಾದರೂ ಕ್ಷಣದಲ್ಲಿ ಬಿಚ್ಚಬಹುದು ಎಂಬ ಆ ಗುಣವೇ ಈಗ ತಪಾಸಣೆಯ ಬಾಗಿಲಲ್ಲಿ ಅಡ್ಡ ನಿಂತಿದೆ.

ಕಾರ್ಟ್ರಿಜ್‌ನ ಕಥೆ ಬೇರೆ. 1971ರಲ್ಲಿ ಜಿಲೆಟ್ ಕಂಪನಿಯೇ ಎರಡು ಬ್ಲೇಡುಗಳನ್ನು ಪ್ಲಾಸ್ಟಿಕ್ಕಿನೊಳಗೆ ಕೂರಿಸಿದ ಟ್ರ್ಯಾಕ್ ಟು ರೇಜರನ್ನು ತಂದಿತು. ಮೊದಲ ಬ್ಲೇಡು ಕೂದಲನ್ನು ಕತ್ತರಿಸುತ್ತಲೇ ಚೂರು ಮೇಲಕ್ಕೆಳೆಯುತ್ತದೆ. ಅದು ಚರ್ಮದೊಳಕ್ಕೆ ಹಿಂದೆ ಸರಿಯುವ ಮೊದಲೇ ಎರಡನೆಯದು ಬಂದು ಮತ್ತಷ್ಟು ಕೆಳಗೆ ಕತ್ತರಿಸುತ್ತದೆ ಎಂಬುದು ಅದರ ಲೆಕ್ಕ. 1975ರಲ್ಲಿ ಬಿಕ್ ಕಂಪನಿ ಹಿಡಿಯೂ ತಲೆಯೂ ಒಂದೇ ಆಗಿರುವ, ಬಳಸಿ ಎಸೆಯುವ ರೇಜರನ್ನು ಮಾರುಕಟ್ಟೆಗೆ ಬಿಟ್ಟಿತು. ಎರಡರಲ್ಲೂ ಉಕ್ಕಿನ ಪಟ್ಟಿ ತೀರಾ ಸಣ್ಣದು, ಅದರ ಬಹುಭಾಗ ಪ್ಲಾಸ್ಟಿಕ್ಕಿನಲ್ಲಿ ಹೂತಿರುತ್ತದೆ. ಕಿತ್ತು ತೆಗೆಯಬೇಕೆಂದರೆ ತಲೆಯನ್ನೇ ಒಡೆಯಬೇಕು. ಅಮೆರಿಕ, ಬ್ರಿಟನ್ನಿನ ನಿಯಮಗಳು ಇದಕ್ಕೇ ಕ್ಯಾಬಿನ್ನಿಗೆ ಅನುಮತಿ ಕೊಟ್ಟಿರುವುದು. ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಕೂಡ ಕಾರ್ಟ್ರಿಜ್‌ನಲ್ಲಿ ಇಲ್ಲದ ಬ್ಲೇಡುಗಳನ್ನು ನಿಷೇಧದ ಪಟ್ಟಿಯಲ್ಲಿ ಇಟ್ಟಿದೆ. ಬ್ಲೇಡಿಲ್ಲದ ಸ್ಟೀಲ್ ರೇಜರನ್ನು ಒಯ್ಯಬಹುದು ಎಂದು ಅಮೆರಿಕದ ನಿಯಮ ಸ್ಪಷ್ಟವಾಗಿಯೇ ಹೇಳುತ್ತದೆ. ಪಟ್ಟಿ ಏನೇ ಹೇಳಲಿ, ತಪಾಸಣೆಯ ಕಟ್ಟೆಯಲ್ಲಿ ಕೊನೆಯ ಮಾತು ಅಲ್ಲಿ ನಿಂತ ಅಧಿಕಾರಿಯದು. ಎಕ್ಸ್-ರೇ ಪರದೆಯ ಮೇಲೆ ಸಾಬೂನು, ಬಟ್ಟೆಯಂಥವು ಕಿತ್ತಳೆ ಬಣ್ಣದಲ್ಲಿ, ಲೋಹ ನೀಲಿಯಲ್ಲಿ ಕಾಣುತ್ತವೆ. ಚೀಲದ ಮೂಲೆಯಲ್ಲಿ ಮರೆತ ಬ್ಲೇಡಿನ ಪೊಟ್ಟಣ ಅವರ ಕಣ್ಣಿಗೆ ಬೀಳದೆ ಇರದು.

ಬ್ಲೇಡಿನ ತಕರಾರೇ ಬೇಡ ಎನ್ನುವವರಿಗೆ ಎಲೆಕ್ಟ್ರಿಕ್ ಶೇವರ್ ಇದೆ. ಅಮೆರಿಕದ ಸೈನ್ಯದಲ್ಲಿದ್ದ ಜೇಕಬ್ ಶಿಕ್ ಇದನ್ನು 1931ರಲ್ಲಿ ಮಾರಾಟಕ್ಕೆ ತಂದ. ತಿರುಗುವ ತಲೆಯ ಮಾದರಿಯನ್ನು ಹಾಲೆಂಡಿನ ಫಿಲಿಪ್ಸ್ ಕಂಪನಿಗಾಗಿ ಅಲೆಕ್ಸಾಂಡರ್ ಹೊರೊವಿಟ್ಸ್ ರೂಪಿಸಿದ, ಅದು 1939ರಲ್ಲಿ ಬಂತು. ಜಾಲರಿ ಮಾದರಿಯ ಶೇವರಿನ ತಲೆಯನ್ನು ಕಳಚಿ ಬೆಳಕಿಗೆ ಹಿಡಿದರೆ, ನೂರಾರು ತೂತುಗಳ ಒಂದು ಹೊಳೆಯುವ ಹಾಳೆ ಕಾಣುತ್ತದೆ. ಹೆಚ್ಚಾಗಿ ನಿಕ್ಕಲ್‌ನದು, ಕೂದಲೆಳೆಗಿಂತ ತೆಳುವಾದದ್ದು. ತೂತಿನೊಳಕ್ಕೆ ನುಗ್ಗಿದ ಕೂದಲನ್ನು ಒಳಗೆ ಅತ್ತಿತ್ತ ಓಡಾಡುವ ಬ್ಲೇಡು ತೂತಿನ ಅಂಚಿಗೆ ಒತ್ತಿ ಕತ್ತರಿಸುತ್ತದೆ. ಎರಡು ಅಲಗಿನ ನಡುವೆ ಸಿಕ್ಕ ದಾರವನ್ನು ಕತ್ತರಿ ತುಂಡರಿಸಿದ ಹಾಗೆ. ಬ್ಲೇಡಿಗೂ ಚರ್ಮಕ್ಕೂ ನಡುವೆ ಸದಾ ಆ ಹಾಳೆ ಇದ್ದೇ ಇರುತ್ತದೆ. ಹಾಗಾಗಿ ನೀರೂ ಬೇಡ, ನೊರೆಯೂ ಬೇಡ. ಒಂದು ಕೊರತೆಯೆಂದರೆ, ಹಾಳೆಯ ದಪ್ಪದಷ್ಟು ಕೂದಲು ಉಳಿದೇ ಉಳಿಯುತ್ತದೆ, ಬ್ಲೇಡಿನ ನುಣುಪು ಇದಕ್ಕೆ ಬರುವುದಿಲ್ಲ. ನಾಲ್ಕೈದು ದಿನ ಬೆಳೆದ ಗಡ್ಡ ತೂತಿಗೆ ಸರಿಯಾಗಿ ಹೊಗುವುದೂ ಇಲ್ಲ; ಮೊದಲು ಟ್ರಿಮ್ಮರ್ ಆಡಿಸಬೇಕು. ಒಳಗಿನ ಲಿಥಿಯಂ ಬ್ಯಾಟರಿಯ ಬಗ್ಗೆ ಆತಂಕ ಬೇಡ. ವಿಮಾನದ ಮಿತಿ 100 ವಾಟ್-ಗಂಟೆ, ಶೇವರಿನದು ಅದರ ಮುಂದೆ ಏನೇನೂ ಅಲ್ಲ. ತಾನಾಗಿ ಚಾಲೂ ಆಗದಂತೆ ಲಾಕ್ ಒತ್ತಿಟ್ಟರೆ ಸಾಕು. ಬಿಡಿ ಲಿಥಿಯಂ ಬ್ಯಾಟರಿಯಂತೂ ಕ್ಯಾಬಿನ್ನಿನಲ್ಲೇ ಬರಬೇಕು, ಚೆಕ್-ಇನ್ ಸಾಮಾನಿನಲ್ಲಿ ಅದಕ್ಕೆ ಜಾಗವಿಲ್ಲ.

ಬ್ಲೇಡು ದಾಟಿದ ಮೇಲೆ ನೊರೆಯ ಸರದಿ. 2006ರ ಆಗಸ್ಟಿನಲ್ಲಿ, ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ ಲಂಡನ್ನಿನಿಂದ ಅಮೆರಿಕ, ಕೆನಡಾಗಳಿಗೆ ಹಾರುವ ವಿಮಾನಗಳನ್ನು ಉಡಾಯಿಸುವ ಸಂಚು ಬಯಲಾಯಿತು. ಆಗಿನ ಎಕ್ಸ್-ರೇ ಯಂತ್ರಕ್ಕೆ ನೀರಿಗೂ ಅಂಥ ದ್ರವಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ಅಲ್ಲಿಂದ ಬಂತು 100 ಮಿಲಿಲೀಟರ್ ನಿಯಮ. ಶೇವಿಂಗ್ ಕ್ರೀಮು, ಜೆಲ್, ನೊರೆಯ ಡಬ್ಬಿ ಎಲ್ಲವೂ ದ್ರವದ ಲೆಕ್ಕಕ್ಕೇ ಸೇರುತ್ತವೆ. ನೋಡುವುದು ಡಬ್ಬಿಯ ಅಳತೆಯನ್ನು. 200 ಮಿಲಿಲೀಟರ್ ಡಬ್ಬಿಯಲ್ಲಿ ತಳದಲ್ಲಷ್ಟೇ ಉಳಿದಿದ್ದರೂ ಅದು ಕಸದ ಬುಟ್ಟಿಗೆ. ದ್ರವದ ಗುಣವನ್ನು ಗುರುತಿಸಬಲ್ಲ ಸಿಟಿ ಯಂತ್ರಗಳು ಬಂದ ಕೆಲವು ನಿಲ್ದಾಣಗಳಲ್ಲಿ ಮಿತಿ ಸಡಿಲವಾಗಿದೆ. ಅದನ್ನು ನಂಬಿ ದೊಡ್ಡ ಡಬ್ಬಿ ಕೊಂಡರೆ ವಾಪಸು ಬರುವ ನಿಲ್ದಾಣದಲ್ಲಿ ಕಳೆದುಕೊಳ್ಳಬೇಕಾದೀತು.

ನನ್ನ ಸಲಹೆ ಗಟ್ಟಿ ಶೇವಿಂಗ್ ಸಾಬೂನಿನದು. ಒಣಗಿದ ಸಾಬೂನು ದ್ರವವಲ್ಲ. ಗಾಯಕ್ಕೆ ಉಜ್ಜುವ ಪಟಿಕದ ತುಂಡೂ ಅಷ್ಟೇ: ಆಫ್ಟರ್‌ಶೇವ್ ಬಾಟಲಿಯ ಬದಲು ಅದನ್ನು ಒಯ್ಯಿರಿ, ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ರಕ್ತ ನಿಲ್ಲಿಸುತ್ತದೆ. ಇನ್ನು ಕೂದಲನ್ನು ಮೆತ್ತಗಾಗಿಸುವ ನಿಜವಾದ ವಸ್ತು ನೀರು. ಅದು ಕೂದಲಿನ ಕೆರಾಟಿನ್ ಒಳಹೊಕ್ಕು ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತದೆ; ಆ ನೀರು ಆರದಂತೆ ಹಿಡಿದಿಟ್ಟು ಬ್ಲೇಡು ಜಾರುವಂತೆ ಮಾಡುವುದು ನೊರೆಯ ಕೆಲಸ. ಹೋಟೆಲಿನಲ್ಲಿ ಬಿಸಿನೀರಿನ ಸ್ನಾನ ಮುಗಿದ ಕೂಡಲೇ ಮುಖಕ್ಕೆ ಕೈಹಾಕಿದರೆ ಅರ್ಧ ಕೆಲಸ ಆದಂತೆಯೇ.

ಪ್ರಯಾಣಕ್ಕೆಂದು ಹಳೇ ಕಾರ್ಟ್ರಿಜ್ ಎತ್ತಿಟ್ಟುಕೊಳ್ಳುವವರು ಬಹಳ ಮಂದಿ. ಅದು ಬೇಡ. ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೆದು. ಆದರೂ ಬ್ಲೇಡು ಏಕೆ ಕೆಡುತ್ತದೆ ಎಂದು ಎಂಐಟಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಹುಡುಕಿದರು. 2020ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಅಂಚು ಸವೆದು ದುಂಡಗಾಗುವುದಕ್ಕಿಂತ ಮೊದಲೇ ಚಕ್ಕೆ ಏಳುತ್ತದೆ. ಕೂದಲು ಬಾಗಿ ಓರೆಯಾಗಿ ಒತ್ತಿದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿರದ ಕಡೆ ಆ ಒತ್ತಡ ಬಿದ್ದರೆ, ಅಲ್ಲಿ ಸಣ್ಣ ಚೂರು ಕಿತ್ತುಬರುತ್ತದೆ. ಚಕ್ಕೆ ಎದ್ದ ಅಂಚು ಕೆನ್ನೆಯನ್ನು ತರಚುತ್ತದೆ.

ಎರಡು ದಿನದ ಓಡಾಟಕ್ಕೆ ಹೊಸ ಕಾರ್ಟ್ರಿಜ್ ಅಥವಾ ಶೇವರ್ ಸಾಕು. ವಾರಕ್ಕೂ ಹೆಚ್ಚಾದರೆ ನಾನು ಸ್ಟೀಲ್ ರೇಜರಿನ ಪಕ್ಷ: ಬ್ಲೇಡು ಮನೆಯಲ್ಲೇ ಬಿಟ್ಟು ಖಾಲಿ ರೇಜರು ಚೀಲದಲ್ಲಿಟ್ಟು, ಇಳಿದ ಊರಿನಲ್ಲಿ ಒಂದು ಪೊಟ್ಟಣ ಕೊಳ್ಳುವುದು. ನಮ್ಮ ದೇಶದಲ್ಲಾದರೆ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಬೆಲೆ ಚಿಲ್ಲರೆ ಕಾಸು. ಉಕ್ಕು ಮತ್ತು ಪ್ಲಾಸ್ಟಿಕ್ ಬೆಸೆದುಕೊಂಡ ಕಾರ್ಟ್ರಿಜ್‌ನಂತೆ ಬೇರ್ಪಡಿಸಲಾಗದ ಕಸವೂ ಆಗುವುದಿಲ್ಲ. ಹೊರಡುವ ಬೆಳಿಗ್ಗೆ ಬಳಸಿದ ಬ್ಲೇಡನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ ಬ್ಲೇಡು ಎಂದು ಬರೆದಿಡಿ, ಕೋಣೆ ಗುಡಿಸಲು ಬರುವವರ ಬೆರಳಿಗೆ ತಾಗಬಾರದು. ರೇಜರಿನ ತಲೆಯನ್ನು ಇನ್ನೊಮ್ಮೆ ಬಿಚ್ಚಿ, ಒಳಗೆ ಏನೂ ಉಳಿದಿಲ್ಲವೆಂದು ನೋಡಿಕೊಂಡೇ ನಿಲ್ದಾಣಕ್ಕೆ ಹೊರಡಿ.