ಸ್ಲೇಟಿನಿಂದ ಇ-ಇಂಕ್ ಹಲಗೆಗೆ: ಕನ್ನಡ ಬರೆಯುವ ಮನೆಗೆ ಯಾವುದು ಹಿತ?

ಆದೋನಿ, ಆಲೂರು, ಹೊಳಗುಂದ, ಕೌತಾಳಂ ಭಾಗದ ನಮ್ಮ ಹಿರಿಯರು ಅಕ್ಷರ ತಿದ್ದಿದ್ದು ಕಲ್ಲಿನ ಸ್ಲೇಟಿನ ಮೇಲೆ. ಆ ಸ್ಲೇಟಿಗೆ ಹೆಸರಾದ ಊರು ಇದೇ ರಾಜ್ಯದ ಮಾರ್ಕಾಪುರ. ಬರೆದು ಅಳಿಸಿ ಮತ್ತೆ ಬರೆಯುವ ಸ್ಲೇಟಿನ ಗುಣವನ್ನೂ, ಬರೆದದ್ದನ್ನು ಕಾಪಿಡುವ ನೋಟ್‌ಪುಸ್ತಕದ ಗುಣವನ್ನೂ ಒಟ್ಟಿಗೆ ಕೊಡುವೆವೆಂದು ಹೇಳುವ ಇ-ಇಂಕ್ ಟ್ಯಾಬ್ಲೆಟ್‌ಗಳು ಇಂದು ಮಾರುಕಟ್ಟೆಯಲ್ಲಿವೆ. ಬೆಲೆ ಹತ್ತಾರು ಸಾವಿರ ರೂಪಾಯಿ. ಅಷ್ಟು ಹಣ ತೆರುವ ಮುನ್ನ ಕನ್ನಡ ಮಾಧ್ಯಮದ ಮಗುವಿರುವ ಮನೆ ಕೇಳಬೇಕಾದ ಪ್ರಶ್ನೆಗಳು ಜಾಹೀರಾತಿನಲ್ಲಿ ಇರುವುದಿಲ್ಲ.

ಹೆಸರಿನ ಗೊಂದಲ

ಕೆಲವು ನೂರು ರೂಪಾಯಿಗೆ ಸಿಗುವ, ಕಪ್ಪು ಹಾಳೆಯ ಮೇಲೆ ಹಸಿರು ಗೆರೆ ಮೂಡಿಸುವ, ಗುಂಡಿ ಒತ್ತಿದೊಡನೆ ಎಲ್ಲವನ್ನೂ ಅಳಿಸುವ ಪ್ಯಾಡು ಇ-ಇಂಕ್ ಅಲ್ಲ. ಅದು ಒತ್ತಡಕ್ಕೆ ಬಣ್ಣ ಬದಲಿಸುವ ದ್ರವಸ್ಫಟಿಕದ ಹಾಳೆ. ಅಮೆರಿಕದ ಕೆಂಟ್ ಡಿಸ್‌ಪ್ಲೇಸ್ ಸಂಸ್ಥೆ 2010ರಲ್ಲಿ ‘ಬೂಗಿ ಬೋರ್ಡ್’ ಎಂಬ ಹೆಸರಿನಲ್ಲಿ ತಂದ ಹಲಗೆಯ ವಂಶದ್ದು. ಕಾಗುಣಿತ ತಿದ್ದುವ ಮಗುವಿಗೆ ಅದು ಧಾರಾಳವಾಗಿ ಸಾಕು. 2022ರ ಡಿಸೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಟ್ಯಾಬ್‌ಗಳೂ ಇ-ಇಂಕ್ ಅಲ್ಲ. ಅವು ಫೋನಿನಂತೆ ಒಳಗಿನಿಂದ ಬೆಳಗುವ ಪರದೆಯವು.

ಇ-ಇಂಕ್ ತಂತ್ರಜ್ಞಾನದ ತವರು ಅಮೆರಿಕದ ಎಂಐಟಿ. ಅಲ್ಲಿಂದ ಹೊರಟವರು ಕಟ್ಟಿದ ಕಂಪನಿ ಆರಂಭವಾದದ್ದು 1997ರಲ್ಲಿ. ಪರದೆಯೊಳಗೆ ಕೂದಲಿನ ದಪ್ಪದಷ್ಟೇ ಇರುವ ಅಸಂಖ್ಯ ಕೋಶಗಳು. ಒಂದೊಂದರಲ್ಲೂ ಕಪ್ಪು ಬಿಳಿಯ ಕಣಗಳು. ವಿದ್ಯುತ್ತಿನ ಸೆಳೆತಕ್ಕೆ ಕಪ್ಪು ಕಣ ಮೇಲೆ ಬಂದರೆ ಅಕ್ಷರ, ಬಿಳಿಯದು ಬಂದರೆ ಹಾಳೆ. ಒಮ್ಮೆ ಮೂಡಿದ ಪುಟ ವಿದ್ಯುತ್ ಇಲ್ಲದೆಯೂ ಹಾಗೆಯೇ ನಿಲ್ಲುತ್ತದೆ. ಅದು ಹೊರಗಿನ ಬೆಳಕಿನಿಂದಲೇ ಕಾಣುವುದರಿಂದ ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಫೋನು ಮಂಕಾದರೂ ಇದು ಕಾಗದದಂತೆ ಸ್ಪಷ್ಟವಾಗಿರುತ್ತದೆ.

ಮೂರು ತಲೆಮಾರು

ಮೊದಲು ಬಂದವು ಓದುವ ಸಾಧನಗಳು: 2004ರಲ್ಲಿ ಜಪಾನಿನಲ್ಲಿ ಸೋನಿಯ ಲಿಬ್ರಿಯೆ, 2007ರಲ್ಲಿ ಅಮೆಜಾನಿನ ಕಿಂಡಲ್. ಬರೆಯುವ ಹಲಗೆ ಮನೆಮಾತಾದದ್ದು ನಾರ್ವೆಯ ರಿಮಾರ್ಕಬಲ್ ಕಂಪನಿಯಿಂದ. 2017ರ ಅದರ ಮೊದಲ ಹಲಗೆಯಲ್ಲಿ ಪೆನ್ನು ಚಲಿಸಿದ 55 ಮಿಲಿಸೆಕೆಂಡಿನ ಬಳಿಕ ಗೆರೆ ಮೂಡುತ್ತಿತ್ತು. 2020ರ ಎರಡನೆಯದರಲ್ಲಿ ಅದು 21ಕ್ಕೆ ಇಳಿಯಿತು, ದಪ್ಪ 4.7 ಮಿಲಿಮೀಟರು. ಎರಡರಲ್ಲೂ ಪೆನ್ನಿಗೆ ಚಾರ್ಜು ಬೇಕಿಲ್ಲ, ಆದರೆ ಪರದೆಗೆ ದೀಪವೂ ಇಲ್ಲ. 2022ರ ಕಿಂಡಲ್ ಸ್ಕ್ರೈಬ್ ದೀಪವನ್ನೂ, ಅಂಗುಲಕ್ಕೆ 300 ಚುಕ್ಕೆಗಳ ಸ್ಪಷ್ಟತೆಯನ್ನೂ ತಂದಿತು. 2024ರ ರಿಮಾರ್ಕಬಲ್ ಪೇಪರ್ ಪ್ರೊ 11.8 ಅಂಗುಲದ ಬಣ್ಣದ ಪರದೆ, ದೀಪ, 12 ಮಿಲಿಸೆಕೆಂಡಿನ ವೇಗ ಕೊಟ್ಟಿತು. ಪ್ರತಿಯಾಗಿ ಅದರ ಪೆನ್ನನ್ನೂ ಚಾರ್ಜು ಮಾಡಬೇಕು.

ಸಂಜೆ ಕರೆಂಟು ಹೋಗುವ ಊರುಗಳಲ್ಲಿ ದೀಪವಿರುವ ಪರದೆಯ ಬೆಲೆ ತಿಳಿಯುತ್ತದೆ. ಬಣ್ಣ ಭೂಪಟಕ್ಕೂ ವಿಜ್ಞಾನದ ಚಿತ್ರಕ್ಕೂ ಒಳ್ಳೆಯದು, ಆದರೆ ಮುದ್ರಿತ ಬಣ್ಣದಷ್ಟು ಗಾಢವಲ್ಲ. ಮೊದಲ ತಲೆಮಾರಿನಿಂದ ಎರಡನೆಯದಕ್ಕೆ ಆದ ವೇಗದ ಬದಲಾವಣೆ ಕೈಗೆ ಗೊತ್ತಾಗುವಂಥದು. ಮೂರನೆಯದರ ವೇಗಕ್ಕಾಗಿಯೇ ಹೆಚ್ಚು ಹಣ ಕೊಡಬೇಕಾಗಿಲ್ಲ.

ಕನ್ನಡದ ಒರೆಗಲ್ಲು

ನಮ್ಮ ಲಿಪಿಯಲ್ಲಿ ಸಾಲಿನ ಕೆಳಗೆ ಒತ್ತಕ್ಷರ ಇಳಿಯುತ್ತದೆ. ಎ4 ಅಳತೆಯ ಪುಟದ ಪಿಡಿಎಫ್ 10.3 ಅಂಗುಲದ ಪರದೆಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತಕ್ಕೆ ಕುಗ್ಗುತ್ತದೆ, 11.8 ಅಂಗುಲದಲ್ಲಿ ಎಂಬತ್ತಕ್ಕೆ. ಇಂಗ್ಲಿಷ್ ಅಕ್ಷರ ಈ ಕುಗ್ಗುವಿಕೆಯನ್ನು ತಾಳಿಕೊಳ್ಳುತ್ತದೆ. ‘ರಾಷ್ಟ್ರ’ ಎಂಬ ಪದದ ಎರಡು ಒತ್ತುಗಳು ಮಸುಕಾಗುತ್ತವೆ. ಆದ್ದರಿಂದ ಕೊಳ್ಳುವ ಮುನ್ನ ಮಗುವಿನ ಪಠ್ಯಪುಸ್ತಕದ ಒಂದು ಪುಟವನ್ನೇ ಅದರಲ್ಲಿ ತೆರೆದು ನೋಡಬೇಕು. ಕರ್ನಾಟಕ ಪಠ್ಯಪುಸ್ತಕ ಸಂಘ ತನ್ನ ಪುಸ್ತಕಗಳ ಪಿಡಿಎಫ್‌ಗಳನ್ನು ಉಚಿತವಾಗಿ ಒದಗಿಸುತ್ತದೆ. ನಮ್ಮ ಪಠ್ಯಕ್ರಮ ಬೇರೆಯಾದರೂ ಪೂರಕ ಓದಿಗೂ ಈ ಪರೀಕ್ಷೆಗೂ ಅವು ಒದಗುತ್ತವೆ.

ಎರಡನೆಯದು, ಕೈಬರಹವನ್ನು ಅಚ್ಚಕ್ಷರವಾಗಿಸುವ ಸೌಲಭ್ಯ. ರಿಮಾರ್ಕಬಲ್‌ನಲ್ಲಿ ಅದು ಲ್ಯಾಟಿನ್ ಲಿಪಿಯ ಭಾಷೆಗಳಿಗೆ ಮಾತ್ರ. ಕನ್ನಡದಲ್ಲಿ ಬರೆದದ್ದು ಚಿತ್ರವಾಗಿ ಉಳಿಯುತ್ತದೆ. ಮತ್ತೆ ಓದಬಹುದು, ಪದವನ್ನು ಹುಡುಕಲಾಗದು. ಮೂರನೆಯದು ಪುಸ್ತಕಗಳು. 2016ರಲ್ಲಿ ಅಮೆಜಾನ್ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡವೂ ಇರಲಿಲ್ಲ, ತೆಲುಗೂ ಇರಲಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದೋನಿ, ಆಲೂರು ತಾಲೂಕುಗಳ ನಮಗೆ ಎಣಿಕೆಯ ಅಂಚಿನಲ್ಲಿ ನಿಲ್ಲುವುದು ಹೊಸತೇನಲ್ಲ. ಯಂತ್ರದ ಪೆಟ್ಟಿಗೆಯ ಮೇಲೆ ‘ಭಾರತೀಯ ಭಾಷೆಗಳು’ ಎಂದಿದ್ದರೆ ಅವುಗಳಲ್ಲಿ ಕನ್ನಡ ಇದೆಯೇ ಎಂದು ಕೇಳಿಯೇ ತಿಳಿಯಬೇಕು.

ಬಿಲ್ಲು, ಚಂದಾ, ಕಾನೂನು

ರಿಮಾರ್ಕಬಲ್ 2021ರಿಂದ ಕೆಲವು ಸೇವೆಗಳಿಗೆ ಚಂದಾ ವಿಧಿಸಿದೆ. ಯಂತ್ರದ ಬೆಲೆಯ ಜೊತೆಗೆ ಚಂದಾ, ಪೆನ್ನಿನ ತುದಿ, ಹೊದಿಕೆ ಇವನ್ನೂ ಲೆಕ್ಕ ಹಾಕಬೇಕು. ಪೆನ್ನಿನ ತುದಿ ಬಳಪದಂತೆಯೇ ಸವೆಯುವ ವಸ್ತು.

ತಮ್ಮ ಹೆಸರಿಗೆ ಬಿಲ್ಲನ್ನು ಬರೆಸಿಕೊಳ್ಳಿ. ಖಾತರಿ ಭಾರತದಲ್ಲಿ ಸಲ್ಲುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 34ನೆಯ ಕಲಮಿನಂತೆ ಮಾರಾಟಗಾರ ದೂರದ ನಗರದಲ್ಲಿದ್ದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಬಿಲ್ಲಿಲ್ಲದೆ ಕೊಂಡ ಹಳೆಯ ಯಂತ್ರಕ್ಕೆ ಈ ಆಸರೆ ದೊರೆಯುವುದು ಕಷ್ಟ.

ಯಾರಿಗೆ ಯಾವುದು?

ಪ್ರಾಥಮಿಕ ಶಾಲೆಯ ಮಗುವಿಗೆ ಸ್ಲೇಟು, ನೋಟ್‌ಪುಸ್ತಕ, ಬೇಕಿದ್ದರೆ ಅಗ್ಗದ ಪ್ಯಾಡು. ಪರೀಕ್ಷೆ ನಡೆಯುವುದು ಇಂದಿಗೂ ಕಾಗದದ ಮೇಲೆ. ಕಾಗದದ ಮೇಲಿನ ಕೈ ಪಳಗಲೇಬೇಕು. ಹೈಸ್ಕೂಲಿನಾಚೆ ಪಿಡಿಎಫ್‌ಗಳನ್ನೇ ಹೆಚ್ಚು ಓದುವ ಮಕ್ಕಳಿಗೆ, ಪಾಠ ಸಿದ್ಧಪಡಿಸುವ ಶಿಕ್ಷಕರಿಗೆ ದೀಪವಿರುವ, 300 ಚುಕ್ಕೆಗಳ ಸ್ಕ್ರೈಬ್ ಮಾದರಿಯ ಹಲಗೆ ಉಪಯುಕ್ತ. ಬರವಣಿಗೆಯೇ ಮುಖ್ಯವಾದವರಿಗೆ ರಿಮಾರ್ಕಬಲ್‌ನ ಎರಡನೆಯ ತಲೆಮಾರು ಸಾಕು.

ಒಂದು ಮನೆ ಒಬ್ಬಂಟಿಯಾಗಿ ಇಷ್ಟು ಹಣ ಹೂಡುವುದಕ್ಕಿಂತ, ನಾಲ್ಕಾರು ಮನೆಗಳು ಸೇರಿ ಒಂದನ್ನು ಕೊಂಡು ಶಾಲೆಯ ವಾಚನಾಲಯದಲ್ಲಿ ಇಟ್ಟರೆ, ಕನ್ನಡ ಪುಸ್ತಕದಂಗಡಿ ಇಲ್ಲದ ಊರಿನಲ್ಲೂ ನೂರಾರು ಕನ್ನಡ ಪುಸ್ತಕಗಳು ಮಕ್ಕಳ ಕೈಗೆಟಕುತ್ತವೆ. ಉಳಿದ ಹಣದಲ್ಲಿ ಕಾಗದದ ಪುಸ್ತಕಗಳನ್ನೇ ಕೊಳ್ಳಬಹುದು.